ತಿಥಿ ಊಟ ಮೊದಲು

ಮಲ್ಲೇಶ್ವರದ ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ 1954ರ ಹೋಟೆಲು. 2023ರ ಡಿಸೆಂಬರ್ 6ಕ್ಕೆ ಬಾಗಿಲು ಹಾಕುತ್ತದೆಂದು ಸುದ್ದಿಯಾದದ್ದೇ ತಡ, ಬೆಂಗಳೂರಿಗೆ ಬೆಂಗಳೂರೇ ಅಲ್ಲಿ ನೆರೆಯಿತು. ಲಕ್ಷ್ಮೇಶ್ವರದಿಂದ ಬಂದಿದ್ದ ಸೋದರಮಾವನನ್ನು ಕರೆದುಕೊಂಡು ನಾನೂ ಹೋದೆ.

"ಯಾರರ ತೀರಿಕೊಂಡಾರೇನೋ, ಇಷ್ಟು ಮಂದಿ?"

"ಇಲ್ಲ ಮಾಮಾ, ಹೋಟೆಲ್ ಮುಚ್ಚಾಕತ್ತಾರ."

"ಹಂಗಾರ ಇಲ್ಲಿ ತಿಥಿ ಊಟ ಮೊದಲು ಅನ್ನು," ಎಂದವರೇ ಸಾಲಿನಲ್ಲಿ ನಿಂತುಬಿಟ್ಟರು.

ಒಳಗೆ ಎಲ್ಲರೂ ದುಃಖದಲ್ಲಿದ್ದರು, ಆದರೆ ಯಾರ ಹಸಿವೂ ಇಂಗಿರಲಿಲ್ಲ. ಸಾಂಬಾರಿನಲ್ಲಿ ಮುಳುಗಿದ ಬಟನ್ ಇಡ್ಲಿಗಳನ್ನು ಮಾಮಾ ದಿಟ್ಟಿಸಿ ನೋಡಿ, "ಇವರ ಅವ್ವ-ಅಪ್ಪ ಎಲ್ಲಿ ಅದಾರ?" ಎಂದರು. ಪಕ್ಕದವರು ಅಳು ಮರೆತು ನಕ್ಕರು.

ಹೋಟೆಲಿಗೇನೂ ರೋಗವಿರಲಿಲ್ಲ, ಜಾಗ ಮಾರಾಟವಾಗಿತ್ತು. ಸಂಪಿಗೆ ರಸ್ತೆಯಲ್ಲಿ ಇಡ್ಲಿಯ ಬೆಲೆ ಏರುವುದು ರೂಪಾಯಿಯಲ್ಲಿ, ಅದರ ಕೆಳಗಿನ ನೆಲದ ಬೆಲೆ ಕೋಟಿಯಲ್ಲಿ. ಎಷ್ಟು ತಿಂದರೂ ಆ ಅಂತರ ತುಂಬುವುದಿಲ್ಲ. ಮಾಮಾ ಪ್ರಯತ್ನಪಟ್ಟರು.

ನಮ್ಮ ಗದಗ ಸೀಮೆಯವರಿಗೆ ಊಟದ ವಿಷಯದಲ್ಲಿ ಭಾವನೆಗಳಿಲ್ಲ ಎನ್ನುವಂತಿಲ್ಲ. ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಸಿಗಲಿಲ್ಲವೆಂದು ಬಾಲಕ ಭೀಮಸೇನ ಜೋಶಿ ಮನೆ ಬಿಟ್ಟರೆಂಬ ಕಥೆ ಇನ್ನೂ ಓಡಾಡುತ್ತದೆ. ಆದರೆ ಕಟ್ಟಡಕ್ಕಾಗಿ ಅಳುವ ಅಭ್ಯಾಸ ನಮಗೆ ಕಡಿಮೆ. ಮುಂಡರಗಿಯಿರಲಿ, ಶಿರಹಟ್ಟಿಯಿರಲಿ, ಗಿರ್ಮಿಟ್-ಮಿರ್ಚಿಯವನ ಹೋಟೆಲು ಗಾಲಿಯ ಮೇಲಿರುತ್ತದೆ. ರಸ್ತೆ ಅಗಲ ಮಾಡುವವರು ಬಂದರೆ ಗಾಡಿ ಹತ್ತು ಮಾರು ಹಿಂದೆ ಸರಿಯುತ್ತದೆ. ಅವರೇ ಮಿರ್ಚಿ ಕೇಳಿದರೆ ಮುಂದೆ ಬರುತ್ತದೆ. ಅಷ್ಟರಲ್ಲಿ ಬಾಣಲೆಯ ಎಣ್ಣೆಯೂ ಆರಿರುವುದಿಲ್ಲ. ಕೆಳಗಿನ ನೆಲ ತನ್ನದಲ್ಲ ಎಂಬುದೇ ಅದರ ಆಯುಷ್ಯದ ಗುಟ್ಟು.

ಗಾಲಿಯಿಲ್ಲದೆಯೂ ನಡೆದ ಹೋಟೆಲೊಂದಿದೆ ಎಂದು ಮಾಮಾನಿಗೆ ಹೇಳಿದೆ. 2009ರಲ್ಲಿ ಎಂ.ಜಿ. ರಸ್ತೆಯ ಜಾಗ ಬಿಡಬೇಕಾಗಿ ಬಂದಾಗ ಇಂಡಿಯಾ ಕಾಫಿ ಹೌಸ್ ತನ್ನ ಮಾಣಿಗಳ ಪೇಟದ ಸಮೇತ ಚರ್ಚ್ ಸ್ಟ್ರೀಟಿಗೆ ಹೋಗಿ ಉಳಿದುಕೊಂಡಿತು. ನಡೆಸುವುದು ಕೆಲಸಗಾರರದೇ ಸಹಕಾರ ಸಂಘ.

ಮಾಮಾನ ಎದೆ ಉಬ್ಬಿತು. "ಸಹಕಾರ ಸಂಘ ಹುಟ್ಟಿದ್ದ ನಮ್ಮ ಕಣಗಿನಹಾಳದಾಗ, 1905ಕ್ಕ! ಅದಕ್ಕ ಉಳದೈತಿ."

ಕಣಗಿನಹಾಳದ್ದು ರೈತರಿಗೆ ಸಾಲ ಕೊಡಲು ಕಟ್ಟಿದ ಸಂಘ, ಚರ್ಚ್ ಸ್ಟ್ರೀಟಿನ ಆಮ್ಲೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ ಎಂದು ತಿಳಿಸಿ ಹೇಳಿದೆ. ಕೈತೊಳೆದು ಬಂದವರ ಮುಖದಲ್ಲಿ ಆಗಲೇ ಅಧ್ಯಕ್ಷರ ಕಳೆಯಿತ್ತು.

"ನಾಳೆ ಮುಂಜಾನೆ ಅಲ್ಲಿಗೇ ಹೋಗೂಣು. ನಮ್ಮ ಸಂಘ ಹೆಂಗ ನಡದೈತಿ, ಒಂದ್ಸಲ ಆಡಿಟ್ ಮಾಡಬೇಕು."