ಶೇಗಾಂವ ಪ್ರಣಯಮೀಮಾಂಸಾ

ಅಥಾತಃ ಪ್ರಣಯಜಿಜ್ಞಾಸಾ. ಶಾಸ್ತ್ರ ಶುರುವಾಗುವ ಮುಂಚೆ ದೇಶಕಾಲಗಳ ನಿರ್ಣಯವಾಗಬೇಕು. ದೇಶ, ಶೇಗಾಂವ. ಹೆಸರು ಕೇಳಿದ ಕೂಡಲೇ ಗಜಾನನ ಮಹಾರಾಜರಿಗೆ ಕೈಮುಗಿದು ಕಚೋರಿ ನೆನೆಸಿಕೊಳ್ಳುವವರು ಬುಲಢಾಣಾ ಜಿಲ್ಲೆಯ ರೈಲು ಹತ್ತಬಹುದು. ಇದು ಸಾಂಗಲಿ ಜಿಲ್ಲೆ ಜತ್ತ ತಾಲ್ಲೂಕಿನ ಶೇಗಾಂವ. ಕಾಲ, ಅಕ್ಟೋಬರ್ ಛಾಟಣಿ ಮುಗಿದು ದ್ರಾಕ್ಷಿ ಗೊನೆ ಬಿಡುವ ಹೊತ್ತು. ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಇಪ್ಪತ್ತೊಂದು ದಾಟಿ, ಮೂವತ್ತು ಹತ್ತಿರವಾಗಿ, ಕಟ್ಟೆಯ ಮೇಲೆ ಕೂತ ಅವಿವಾಹಿತ. ಇಲ್ಲಿ ಅಧಿಕಾರಿ ಎಂದರೆ ಸರಕಾರಿ ಅಧಿಕಾರಿಯಲ್ಲ. ಅವನಾಗಿದ್ದರೆ ಎಂದೋ ಮದುವೆಯಾಗಿ, ಈ ಪ್ರಬಂಧದ ಅಗತ್ಯವೇ ಬೀಳುತ್ತಿರಲಿಲ್ಲ.

ಪೂರ್ವಸೂರಿಗಳಲ್ಲಿ ವಾತ್ಸ್ಯಾಯನ ಮೊದಲಿಗ. ಕಾಮಕ್ಕೆ ಹತ್ತು ಅವಸ್ಥೆಗಳೆಂದ. ಕಣ್ಣಿನ ಪ್ರೀತಿಯಿಂದ ಹೊರಟು, ಮನಸ್ಸು ಅಂಟಿ, ನಿದ್ದೆ ಕೆಟ್ಟು, ಮೈ ಸೊರಗಿ, ನಾಚಿಕೆ ಬಿಟ್ಟು, ಹುಚ್ಚು ಮೂರ್ಛೆಗಳನ್ನು ಹಾಯ್ದು ಸಾವಿನ ತನಕ. ನಮ್ಮ ತರುಣ ಮೊದಲನೆಯದನ್ನು ಜತ್ತದ ಎಸ್‌ಟಿ ಬಸ್ಸಿನಲ್ಲಿ ಮುಗಿಸಿ ಎರಡನೆಯದಕ್ಕೆ ಕಾಲಿಡುವಷ್ಟರಲ್ಲಿ ಆಕೆ ಇಳಿದಿರುತ್ತಾಳೆ. ನಾಲ್ಕನೆಯದಾದ ನಿದ್ರಾಭಂಗ ಮಾತ್ರ ಊರಿಗೆಲ್ಲ ಇದೆ. ಆದರೆ ಅದರ ಕಾರಣ ಪ್ರೇಮವಲ್ಲ, ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟು.

ಬಸ್ಸಿನ ಮಾತು ಬಂದದ್ದರಿಂದ ಪಾಶ್ಚಾತ್ಯ ಮತವನ್ನೂ ಪರಿಶೀಲಿಸೋಣ. 1974ರಲ್ಲಿ ಡಟನ್ ಮತ್ತು ಆರನ್ ಎಂಬಿಬ್ಬರು ಕೆನಡಾದ ಕಪಿಲಾನೊ ತೂಗುಸೇತುವೆಯ ಮೇಲೆ ಪ್ರಯೋಗ ನಡೆಸಿದರು. ಓಲಾಡುವ ಆ ಸೇತುವೆಯ ಮೇಲೆ ಒಬ್ಬ ಹೆಣ್ಣುಮಗಳು ಪ್ರಶ್ನೆ ಕೇಳಿ ತನ್ನ ನಂಬರ್ ಕೊಟ್ಟರೆ, ಗಂಡಸರು ಆಮೇಲೆ ಅವಳಿಗೆ ಫೋನ್ ಹಚ್ಚುವುದು ಹೆಚ್ಚು. ಗಟ್ಟಿ ಸೇತುವೆಯಾದರೆ ಕಡಿಮೆ. ಎದೆ ಬಡಿದದ್ದು ಭಯಕ್ಕೋ ಮೋಹಕ್ಕೋ ತಿಳಿಯದೆ ಹೋಗುತ್ತದೆ ಎಂಬುದು ಸಿದ್ಧಾಂತ. ಇದನ್ನು ನಮ್ಮ ರಸ್ತೆಗೆ ಅನ್ವಯಿಸಿದರೆ ಇಷ್ಟೊತ್ತಿಗೆ ಇಡೀ ತಾಲ್ಲೂಕು ಪರಸ್ಪರ ಪ್ರೇಮದಲ್ಲಿ ಮುಳುಗಿರಬೇಕಿತ್ತು. ಸೊಂಟ ಹಿಡಿದದ್ದೊಂದೇ ಫಲಶ್ರುತಿ.

ಮನೋವಿಶ್ಲೇಷಕ ಎರಿಕ್ ಎರಿಕ್ಸನ್ ಇನ್ನೂ ಗಂಭೀರ. ಮನುಷ್ಯನ ಬೆಳವಣಿಗೆಗೆ ಅವನು ಹೇಳಿದ ಹಂತಗಳಲ್ಲಿ ಐದನೆಯದರಲ್ಲಿ ‘ನಾನು ಯಾರು’ ಎಂಬುದು ಇತ್ಯರ್ಥವಾಗಬೇಕು. ಆರನೆಯದರಲ್ಲಿ ಆಪ್ತತೆ ಸಿಗಬೇಕು, ಇಲ್ಲವೆಂದರೆ ಒಂಟಿತನ. ಗಡಿನಾಡಿನವನಿಗೆ ಐದನೆಯದೇ ಮುಗಿದಿಲ್ಲ. 1956ರ ರಾಜ್ಯ ಪುನರ್ವಿಂಗಡಣೆ ಎಬ್ಬಿಸಿದ ಕರ್ನಾಟಕ-ಮಹಾರಾಷ್ಟ್ರ ಗಡಿ ತಕರಾರಿಗೆ 1967ರಲ್ಲಿ ಮಹಾಜನ್ ಆಯೋಗ ಉತ್ತರ ಕೊಟ್ಟಿತು. ಅದನ್ನು ಒಪ್ಪದ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ತೀರ್ಪು ಬರುವವರೆಗೆ ಹುಡುಗ ಆರನೆಯ ಹಂತಕ್ಕೆ ಏರುವಂತಿಲ್ಲ ಎಂದು ಕಟ್ಟೆಯ ಪಂಡಿತರ ಒಂದು ಪಕ್ಷ. ಕೋರ್ಟಿಗೂ ಪ್ರೀತಿಗೂ ತಾರೀಖು ಬೀಳುವುದೊಂದೇ ಸಾಮ್ಯ ಎಂದು ಇನ್ನೊಂದು.

1986ರಲ್ಲಿ ಮನೋವಿಜ್ಞಾನಿ ಸ್ಟರ್ನ್‌ಬರ್ಗ್ ಪ್ರೀತಿಯನ್ನು ತ್ರಿಕೋನವೆಂದ. ಆಪ್ತತೆ, ಉತ್ಕಟತೆ, ಬದ್ಧತೆ ಅದರ ಮೂಲೆಗಳು. ನಮ್ಮ ಕ್ಷೇತ್ರಕಾರ್ಯದಲ್ಲಿ ಇನ್ನೂ ನಾಲ್ಕು ಮೂಲೆ ಸಿಕ್ಕವು: ಹೊಲ, ನೋಕರಿ, ಬೋರಿನ ನೀರು ಮತ್ತು ಹುಡುಗಿಯ ಸೋದರಮಾವ. ಏಳು ಮೂಲೆಯ ಆಕೃತಿ ದೂರದಿಂದ ವರ್ತುಲದಂತೆಯೇ ಕಾಣುತ್ತದೆ. ಹುಡುಗರು ಅದರೊಳಗೇ ಸುತ್ತುತ್ತಿದ್ದಾರೆ.

ಒಂದು ಪ್ರತ್ಯಕ್ಷ ಪ್ರಮಾಣ. ಕನ್ಯಾ ನೋಡಲು ಹೋಗಿದ್ದಾರೆ. ಅವಲಕ್ಕಿ, ಮೇಲೆ ಕೊತ್ತಂಬರಿ. ಸ್ಟೀಲ್ ತಾಟಿನಲ್ಲಿ ಚಹದ ಕಪ್ಪುಗಳು. ಮಾವ ಶುರು ಮಾಡಿದ.

“ಹುಡುಗ ಏನ್ ಮಾಡ್ತಾನ್ರಿ?”

“ಎರಡ ಎಕರೆ ದ್ರಾಕ್ಷಿ ಬಾಗ ಐತ್ರಿ.”

“ಅದು ತ್ವಾಟದ ಮಾತಾತು. ಹುಡುಗ ಏನ್ ಮಾಡ್ತಾನ?”

ಮೌನ. ಹುಡುಗ ಅವಲಕ್ಕಿಯೊಳಗಿನ ಶೇಂಗಾ ಆರಿಸುವುದರಲ್ಲಿ ಮಗ್ನನಾದ. ಹುಡುಗಿಯೂ ಏನಾದರೂ ಕೇಳಲಿ ಎಂದು ಹಿರಿಯರು ಔದಾರ್ಯ ತೋರಿದರು. ಡಿಎಡ್ ಮುಗಿಸಿದವಳು, ಕೇಳಿದ್ದು ಒಂದೇ:

“ಎಮ್ಮಿ ಎಷ್ಟ ಅದಾವ್ರಿ?”

“ಆರ ಅದಾವವಾ!” ಎಂದು ಹುಡುಗನ ತಂದೆ ಎದೆಯುಬ್ಬಿಸಿದರು. ಅವರು ಹೇಳಿದ್ದು ಹೈನು, ಆಕೆ ಎಣಿಸಿದ್ದು ಬೆಳಗಿನ ಸಗಣಿ ಬುಟ್ಟಿ. ಸಂಬಂಧ ಅಲ್ಲಿಗೇ ಮುಗಿಯಿತು. ಯಾಕೆ ಮುಗಿಯಿತೆಂದು ಗಂಡಿನ ಕಡೆಯವರು ಇನ್ನೂ ಜಾತಕ ತೋರಿಸಿ ಕೇಳುತ್ತಿದ್ದಾರೆ. ಸ್ಟರ್ನ್‌ಬರ್ಗ್‌ನ ಕೃತಿಯಲ್ಲಿ ಎಮ್ಮೆಯ ಪ್ರಸ್ತಾಪವಿಲ್ಲದಿರುವುದು ದೊಡ್ಡ ಲೋಪವೆಂದು ವಿನಯದಿಂದ ಸೂಚಿಸುತ್ತೇವೆ.

ಇನ್ನು ಇತಿಹಾಸ ಪ್ರಕರಣ. 2022ರ ನವೆಂಬರಿನಲ್ಲಿ ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು, ನೀರಿಗಾಗಿ ಜತ್ತದ ಹಳ್ಳಿಗಳು ಕರ್ನಾಟಕ ಸೇರುತ್ತೇವೆಂದು ಹಿಂದೊಮ್ಮೆ ಮಾಡಿದ್ದ ಠರಾವು ನೆನಪಿಸಿ ಅವುಗಳ ಮೇಲೆ ಹಕ್ಕಿನ ಮಾತಾಡಿದರು. ಬಿಡೆವೆಂದು ಮಹಾರಾಷ್ಟ್ರ ಗುಡುಗಿತು. ಎರಡು ರಾಜ್ಯಗಳು ತಮಗೇ ಬೇಕೆಂದು ಜಗ್ಗಾಡುವ ನೆಲದ ಹುಡುಗನನ್ನು ಒಬ್ಬ ಹುಡುಗಿಯೂ ಬೇಕೆನ್ನಲಿಲ್ಲ. ಮರುತಿಂಗಳೇ ಪಕ್ಕದ ಸೊಲ್ಲಾಪುರದಲ್ಲಿ ಅವಿವಾಹಿತರು ಮದುಮಗನ ವೇಷ ತೊಟ್ಟು, ಕುದುರೆ ಏರಿ, ವಾದ್ಯ ಬಾರಿಸಿಕೊಂಡು ಜಿಲ್ಲಾಧಿಕಾರಿ ಕಚೇರಿಗೆ ಹೋದರು. 2023ರ ಫೆಬ್ರುವರಿಯಲ್ಲಿ ಮಂಡ್ಯದ ಬ್ರಹ್ಮಚಾರಿಗಳು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಒಬ್ಬರು ಸರಕಾರಕ್ಕೆ, ಇನ್ನೊಬ್ಬರು ದೇವರಿಗೆ ಅರ್ಜಿ ಕೊಟ್ಟರು. ಗಡಿವಿವಾದವಿಲ್ಲದ ವಿಷಯವೆಂದರೆ ಇದೊಂದೇ.

ಕುದುರೆ ಕಂಡು ನಕ್ಕವರು ಮನವಿ ಓದಲಿಲ್ಲ. ಸೊಲ್ಲಾಪುರದವರು ಬೇಡಿದ್ದು ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಬಿಗಿ ಜಾರಿ. ಹುಡುಗಿಯರೆಲ್ಲ ಪುಣೆಯ ಇಂಜಿನಿಯರುಗಳನ್ನೇ ಕೇಳುತ್ತಾರೆ ಎಂದು ಕಟ್ಟೆಯ ಮೇಲೆ ಗೊಣಗುವವರಿಗಿಂತ ಇವರ ವ್ಯಾಸಂಗ ಆಳವಾದದ್ದು. ಅದಕ್ಕೆ ಪುರಾವೆ ಹತ್ತಿರದಲ್ಲೇ ಇದೆ. ಜತ್ತಕ್ಕೆ ಕೃಷ್ಣೆಯ ನೀರೆತ್ತುವ ಯೋಜನೆಯ ಹೆಸರು ಮ್ಹೈಸಾಳ. ಮಿರಜ ತಾಲ್ಲೂಕಿನ ಅದೇ ಮ್ಹೈಸಾಳದ ಹಳ್ಳದ ಹತ್ತಿರ 2017ರ ಮಾರ್ಚಿನಲ್ಲಿ ಪೊಲೀಸರು 19 ಭ್ರೂಣಗಳನ್ನು ಅಗೆದು ತೆಗೆದರು. ಗರ್ಭಪಾತಕ್ಕೆ ಹೋದ ಒಬ್ಬ ಹೆಣ್ಣುಮಗಳು ಸತ್ತದ್ದರಿಂದ ಅದು ಹೊರಬಿತ್ತು. ಇಲ್ಲವಾದರೆ ಅದೂ ಇಲ್ಲ. 2001ರ ಜನಗಣತಿಯಲ್ಲಿ ಮಹಾರಾಷ್ಟ್ರದ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ 913 ಹೆಣ್ಣುಮಕ್ಕಳಿದ್ದರು; 2011ಕ್ಕೆ 894. ಆ 2001ರ ಗಂಡುಕೂಸುಗಳೇ ಈಗ ಕಟ್ಟೆಯ ಮೇಲಿರುವವರು. ಅಂದು ಗಂಡೇ ಬೇಕೆಂದು ಹರಕೆ ಹೊತ್ತವರು ಇಂದು ಅದೇ ಗಂಡಿಗೆ ಕನ್ಯೆ ಸಿಗಲೆಂದು ಗುಡ್ಡಾಪುರದ ದಾನಮ್ಮನಿಗೆ ಹರಕೆ ಹೊರುತ್ತಿದ್ದಾರೆ. ದೇವಿಯ ಮನಃಸ್ವಾಸ್ಥ್ಯದ ಬಗ್ಗೆ ಪ್ರತ್ಯೇಕ ಅಧ್ಯಯನ ಆಗಬೇಕಿದೆ.

ಕಡೆಯದಾಗಿ ಸ್ತ್ರೀಪಕ್ಷ. ಪ್ರಶ್ನಾವಳಿ ಹಿಡಿದು ನರ್ಸಿಂಗ್ ಓದುವ ಒಬ್ಬಳ ಬಳಿ ಹೋದೆವು. ಆಕೆ ಒಂದು ಕೈಯಲ್ಲಿ ತಮ್ಮನ ಹೋಮ್‌ವರ್ಕ್ ತಿದ್ದುತ್ತ, ಇನ್ನೊಂದರಲ್ಲಿ ಒಲೆಯ ಮೇಲಿನ ರೊಟ್ಟಿ ತಿರುವುತ್ತಿದ್ದಳು. ಒಂಟಿತನ ಎಷ್ಟು ಕಾಡುತ್ತದೆ, ಒಂದರಿಂದ ಐದರೊಳಗೆ ಹೇಳು ತಂಗಿ, ಎಂದೆವು.

“ಒಂಟಿ ಇರಾಕ ಈ ಮನ್ಯಾಗ ಜಾಗಾ ಎಲ್ಲೈತ್ರಿ ಸರ?” ಎಂದಳು. “ನೀವ ಹಂಗ ಸ್ವಲ್ಪ ಸರದ ಕುಂದ್ರ್ರಿ, ಹಿಟ್ಟಿನ ಡಬ್ಬಿ ನಿಮ್ಮ ಹಿಂದ ಐತಿ.”