ಲಘುವಾಹನದ ಗೇರುಪೆಟ್ಟಿಗೆಯಲ್ಲಿ ಸಾತ್ತ್ವಿಕ ಭಾವಗಳು: ಸೋಗಾನೆಯನ್ನು ಅನುಲಕ್ಷಿಸಿ ಒಂದು ವಿವೇಚನೆ

ಯಂತ್ರ ಮತ್ತು ಮನುಷ್ಯನ ನಡುವಣ ಅನುಸಂಧಾನದ ನೆಲೆಗಳನ್ನು ಶೋಧಿಸುವುದೇ ಪ್ರಸ್ತುತ ಪ್ರಬಂಧದ ಆಶಯ. ಅಧ್ಯಯನದ ವ್ಯಾಪ್ತಿಯನ್ನು ಶಿವಮೊಗ್ಗ–ಭದ್ರಾವತಿ ನಡುವಣ ಸೋಗಾನೆಗೆ ಸೀಮಿತಗೊಳಿಸಲಾಗಿದೆ. 3,200 ಮೀಟರ್ ರನ್‌ವೇಯ ವಿಮಾನ ನಿಲ್ದಾಣ ಇರುವ ಊರಿನಲ್ಲಿ ಸಣ್ಣ ಕಾರೊಂದು ಒಂದನೇ ಗೇರಿಗೂ ಬೀಳಲೊಪ್ಪದಿರುವುದು ತಾತ್ವಿಕ ತಲ್ಲಣವೆಂಬುದು ಪ್ರಬಂಧಕಾರನ ಇಂಗಿತ. ವಿಮಾನ ಸಿಕ್ಕಿತೇ ಎಂಬ ಪ್ರಶ್ನೆ ವ್ಯಾಪ್ತಿಯ ಹೊರಗಿನದು.

ಪೂರ್ವಸೂರಿಗಳನ್ನು ನೆನೆಯುವುದಾದರೆ, ಎ.ಎಂ.ಟಿ. (ಆಟೊಮೇಟೆಡ್ ಮ್ಯಾನುಯಲ್ ಟ್ರಾನ್ಸ್‌ಮಿಶನ್) ಎಂಬ ಈ ಪಂಥ 2014ರ ಸೆಲೆರಿಯೊ ಮೂಲಕ ಭಾರತದ ಅಗ್ಗದ ಕಾರುಗಳಿಗೆ ಬಂತು. ಗೇರುಪೆಟ್ಟಿಗೆ ಹಳೆಯದೇ, ಕ್ಲಚ್ ಪ್ಲೇಟೂ ಅದೇ. ಕ್ಲಚ್ ತುಳಿಯುವ ಕಾಲನ್ನೂ ಗೇರು ಎಳೆಯುವ ಕೈಯನ್ನೂ ರಜೆ ಕೊಟ್ಟು ಕಳಿಸಿ ಆ ಜಾಗದಲ್ಲಿ ಆಕ್ಚುಯೇಟರನ್ನೂ ಅದಕ್ಕೆ ಅಪ್ಪಣೆ ಕೊಡುವ ಕಂಪ್ಯೂಟರನ್ನೂ ಕೂರಿಸಿದ್ದಾರೆ. ಹೆಚ್ಚು ದುಡ್ಡು ಕೊಟ್ಟು ನಾವು ತಂದದ್ದು ಕಣ್ಣಿಗೆ ಕಾಣದ ಡ್ರೈವರನನ್ನು.

ದೋಷಗಳನ್ನು ಅಲಂಕಾರಶಾಸ್ತ್ರದ ಎಂಟು ಸಾತ್ತ್ವಿಕ ಭಾವಗಳ ಚೌಕಟ್ಟಿನಲ್ಲಿ ವಿಂಗಡಿಸಬಹುದು.

ಸ್ತಂಭ: ಲಿವರನ್ನು 'ಡಿ'ಗೆ ತಂದರೂ ಮೀಟರಿನಲ್ಲಿ 'ಎನ್' ಮಿಣುಕುತ್ತ ಕಾರು ನಿಂತಲ್ಲೇ ನಿಲ್ಲುವುದು. ಬ್ಯಾಟರಿ ಸೋತರೂ ಹೀಗಾದೀತು, ಬ್ರೇಕ್ ಪೆಡಲಿನ ಬುಡದ ಸ್ವಿಚ್ ಕೆಟ್ಟರೂ ಆದೀತು. ಬ್ರೇಕ್ ತುಳಿದ ಸುದ್ದಿ ಮುಟ್ಟದೆ ಕಂಪ್ಯೂಟರು ಗೇರು ಹಾಕಗೊಡುವುದಿಲ್ಲ. ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ಲೈಟು ಹತ್ತುತ್ತದೆಯೇ ನೋಡಿಸಿದರೆ ಅರ್ಧ ಸಂಶೋಧನೆ ಮುಗಿಯಿತು.

ವೇಪಥು: ಹೊರಡುವಾಗ ಗಡಗಡ ನಡುಗುವುದು. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಲ್ಲೇ ಕಾರು ನಿಲ್ಲಿಸಿಕೊಳ್ಳುವವರ ಕ್ಲಚ್ ಬೇಗ ಸವೆಯುತ್ತದೆ. ಹೊಸ ಪ್ಲೇಟ್ ಹಾಕಿದ ಮೇಲೆ ಕ್ಲಚ್ ಎಲ್ಲಿ ಹಿಡಿಯುತ್ತದೆಂದು ಸ್ಕ್ಯಾನರ್ ಜೋಡಿಸಿ ಕಂಪ್ಯೂಟರಿಗೆ ಹೊಸದಾಗಿ ಕಲಿಸಬೇಕು.

ಸ್ವೇದ: ಆಕ್ಚುಯೇಟರಿನಿಂದ ಎಣ್ಣೆ ಜಿನುಗುವುದು.

ರೋಮಾಂಚ: ಇದು ಕಾರಿನದಲ್ಲ, ಎಸ್ಟಿಮೇಟ್ ಕಂಡ ಮಾಲೀಕನದು. ಉಳಿದ ನಾಲ್ಕೂ ಆತನವೇ ಆದ್ದರಿಂದ ವರ್ಗೀಕರಣ ಇಲ್ಲಿಗೆ ಸಾಕು.

ಕ್ಷೇತ್ರಕಾರ್ಯದ ಅಂಗವಾಗಿ ಕಾರನ್ನು ಎಳೆಸಿಕೊಂಡು ಸರ್ವಿಸ್ ಸೆಂಟರಿಗೆ ಹೋಗಲಾಯಿತು. ಗರಿಗರಿ ಇಸ್ತ್ರಿ ಅಂಗಿಯ ಅಡ್ವೈಸರ್ ಬಾನೆಟ್ ಎತ್ತಲಿಲ್ಲ. ಟ್ಯಾಬ್ ಮೇಲೆ ಬೆರಳಾಡಿಸಿ, "ಇದು ಡ್ರೈವಿಂಗ್ ಪ್ಯಾಟರ್ನ್ ಇಶ್ಯೂ ಸರ್. ಅಡಾಪ್ಟೇಶನ್ ಫೇಲ್ ಆಗಿದೆ, ಆಕ್ಚುಯೇಟರ್ ಅಸೆಂಬ್ಲಿ ರೀಪ್ಲೇಸ್‌ಮೆಂಟ್ ರೆಕಮೆಂಡ್ ಮಾಡ್ತೀವಿ" ಎಂದ. "ಬ್ರೇಕ್ ಲೈಟು ಹತ್ತುತ್ತಾ ನೋಡಪ್ಪ" ಅಂದೆ. "ಅದು ಪ್ರೊಸೀಜರಲ್ಲಿ ಬರಲ್ಲ ಸರ್."

ಹಾಳಾಗಿಹೋಗಲಿ ಸಾತ್ತ್ವಿಕ ಭಾವ! ಕಾರು ಕೆಟ್ಟದ್ದಕ್ಕೆ ಬೇಸರವಿಲ್ಲ, ಯಂತ್ರ ಅಂದಮೇಲೆ ಕೆಡುತ್ತದೆ. ಕೈ ಮಸಿ ಮಾಡಿಕೊಳ್ಳದೆ, ಕಿವಿಗೊಟ್ಟು ಕೇಳದೆ, ನನ್ನ ಕಾಲಿನದೇ ತಪ್ಪು ಅಂತ ಇಂಗ್ಲಿಷಿನಲ್ಲಿ ಷರಾ ಬರೆಯುತ್ತಾರಲ್ಲ, ಅದಕ್ಕೆ ಮೈ ಉರಿಯುತ್ತದೆ.

ಅಲ್ಲಿಂದ ಕಾರನ್ನು ಎಳೆಸಿ ತಂದಾಗ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಮೆಕ್ಯಾನಿಕ್ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. ಕಾಲು ಬಾಗಿಲಾಚೆ, ಬಾಯಲ್ಲಿ ಟಾರ್ಚು, ಕೈಯಲ್ಲಿ ಟೆಸ್ಟ್ ಲ್ಯಾಂಪು. "ಒತ್ತಿ ಸಾರ್... ಬಿಡಿ... ಒತ್ತಿ. ಕರೆಂಟೇ ದಾಟ್ತಿಲ್ವಲ್ಲ!" ಸ್ವಿಚ್ ಬದಲಾಯಿತು, ಕಾರು ಹೊರಟಿತು.

ಇಂಥ ಕೈಗಳಿಗೆ ಈ ಸೀಮೆಯಲ್ಲಿ ಬರವಿರಲಿಲ್ಲ. 1923ರಲ್ಲಿ ಕಬ್ಬಿಣ ಕರಗಿಸಲು ಹಿಡಿದು, ಮುಂದೆ ಮಿಶ್ರಲೋಹದ ಉಕ್ಕು ಎರೆದ ಕಾರ್ಖಾನೆ, ವಿ.ಐ.ಎಸ್.ಎಲ್., ಭದ್ರಾವತಿಯಲ್ಲಿದೆ. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ತೀರ್ಮಾನವಾಯಿತು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಫೆಬ್ರವರಿ 27ಕ್ಕೆ ಇತ್ತ ಸೋಗಾನೆಯಲ್ಲಿ ತಾವರೆಯಾಕಾರದ ಟರ್ಮಿನಲ್ ಉದ್ಘಾಟನೆ. ಕಾರ್ಖಾನೆಯ ಬಾರ್ ಮಿಲ್ ಆಮೇಲೆ ತಿರುಗಿತು ನಿಜ. ಆದರೆ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಎನ್ನುತ್ತಿದ್ದ ಫಿಟ್ಟರುಗಳ ಜಾಗಕ್ಕೆ ಯಾರು ಬಂದರು? ಅವರ ಮಕ್ಕಳಿಗೆ ನಾವು ಕೊಟ್ಟದ್ದು ಟ್ಯಾಬು, ಟಾರ್ಗೆಟ್ಟು, ಇಸ್ತ್ರಿ ಅಂಗಿ. ಆ ಅಡ್ವೈಸರ್ ಹುಡುಗನಿಗೆ ಬಾನೆಟ್ ಎತ್ತುವ ಅಧಿಕಾರವೂ ಇಲ್ಲವೇನೋ.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಅಂದ: "ಸ್ವಿಚ್ಚಾದ್ರೆ ಸರಿ ಸಾರ್. ನಾಳೆ ಕ್ಲಚ್ ಹೋದ್ರೆ ಪ್ಲೇಟೇನೋ ಹಾಕ್ತೀನಿ, ಕಂಪ್ಯೂಟರಿಗೆ ಕಲ್ಸೋಕೆ ನನ್ ಸ್ಕ್ಯಾನರ್ ಒಪ್ಪಲ್ಲ. ಮತ್ತೆ ಅಲ್ಲಿಗೇ ಹೋಗ್ಬೇಕು ನೀವು."