ಯಾರು ಬೆನ್ನ ಹತ್ಯಾರೋ ತಮ್ಮಾ?

ನಮ್ಮ ಕಡೆ ಸುಮ್ಮಸುಮ್ಮನೆ ಯಾರೂ ಓಡುವುದಿಲ್ಲ. ಖಟಕ ಚಿಂಚೋಳಿಯಲ್ಲಿ ಒಬ್ಬ ಮನುಷ್ಯ ಓಡುತ್ತಿದ್ದಾನೆ ಎಂದರೆ ಭಾಲ್ಕಿ ಬಸ್ಸು ಹೊರಟಿರಬೇಕು, ಇಲ್ಲವೇ ಎಮ್ಮೆ ಹಗ್ಗ ಹರಿದುಕೊಂಡಿರಬೇಕು, ಅದೂ ಇಲ್ಲದಿದ್ದರೆ ನಾಯಿ ಬೆನ್ನು ಹತ್ತಿರಬೇಕು. ಇದ್ಯಾವುದೂ ಇಲ್ಲದೆ ಚಡ್ಡಿ ಬನಿಯನ್ ತೊಟ್ಟು, ಎದೆಗೆ ನಂಬರಿನ ಕಾಗದ ಚುಚ್ಚಿಕೊಂಡು, ತೊಗರಿ ಹೊಲದ ಬದುವಿನ ಮೇಲೆ ಏದುಸಿರು ಬಿಡುತ್ತ ಹೋಗುವ ಹುಡುಗನನ್ನು ಕಂಡರೆ ಕಳೆ ತೆಗೆಯುವ ಹೆಂಗಸರು ಕೆಲಸ ಬಿಟ್ಟು ಎದ್ದು ನಿಲ್ಲುತ್ತಾರೆ.

"ಯಾರು ಬೆನ್ನ ಹತ್ಯಾರೋ ತಮ್ಮಾ?"

"ಯಾರೂ ಇಲ್ಲ ಆಯಿ. ಓಟದ ಸ್ಪರ್ಧಾ ಅದ."

"ಮತ್ತ ಮುಂದ ಯಾರರ ಹೋಗ್ಯಾರೇನು?"

ಮುಂದೆ ಎಲ್ಲರೂ ಹೋಗಿದ್ದರು. ಆದರೆ ಅದನ್ನು ಹೇಳಲು ಉಸಿರು ಬೇಕಲ್ಲ.

ಚಿಂಚೋಳಿ ಎಂದಕೂಡಲೇ ಕಲಬುರಗಿ ಜಿಲ್ಲೆಯ ತಾಲ್ಲೂಕು ನೆನಪಾಗುವವರಿಗೆ ಒಂದು ಮಾತು. ಅದು ಬೇರೆ, ನಮ್ಮದು ಬೇರೆ. ನಮ್ಮದು ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕಿನ ಹೋಬಳಿ. ಇದೇ ತಾಲ್ಲೂಕಿನಲ್ಲಿ ಗೋರ ಚಿಂಚೋಳಿ ಎಂದು ಇನ್ನೊಂದೂ ಇದೆ. ಹೀಗಾಗಿ ನಮಗೆ ಬರಬೇಕಾದ ಬೀಗರು ಅಲ್ಲಿ ಊಟಕ್ಕೆ ಕೂತರೆ ಆಶ್ಚರ್ಯಪಡುವಂಥದ್ದೇನಿಲ್ಲ.

ಹೈಸ್ಕೂಲಿನಲ್ಲಿ ಕ್ರೀಡಾಕೂಟದ ಹೆಸರು ಬರೆಸುವ ದಿನ ಪಿ.ಟಿ. ಸರ್ ಪಟ್ಟಿ ಹಿಡಿದು ಬರುತ್ತಿದ್ದರು. ನೂರು ಮೀಟರ್ ಓಡುವವರು ಯಾರೆಂದು ಊರಿಗೇ ಗೊತ್ತಿತ್ತು, ಮಾವಿನಕಾಯಿ ಕದ್ದರೂ ಅವರು ಯಾರ ಕೈಗೂ ಸಿಕ್ಕವರಲ್ಲ. ಗುಂಡು ಎಸೆಯಲು ಮೈ ಬೇಕು, ಎತ್ತರ ಜಿಗಿಯಲು ಕಾಲು ಬೇಕು. ಎಲ್ಲ ಹಂಚಿ ಮುಗಿದ ಮೇಲೆ ಪಟ್ಟಿಯ ಕೆಳಗೆ ಗುಡ್ಡಗಾಡು ಓಟ ಎಂಬ ಒಂದು ಸಾಲು ಖಾಲಿ ಉಳಿಯುತ್ತಿತ್ತು. ಸರ್ ಕಣ್ಣು ಇಡೀ ಕ್ಲಾಸು ಸುತ್ತಿ ಬಂದು ನನ್ನ ಮೇಲೆ ನಿಂತಿತು.

"ನಿನಗ ಏನ ಬರ್ತದ?"

"ಏನೂ ಬರಲ್ರಿ ಸರ್."

"ಹಂಗಾದ್ರ ಇದು ನಿನಗೇ."

ಮನೆಯಲ್ಲಿ ಸುದ್ದಿ ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತ ತಲೆ ಎತ್ತದೆ, "ಅಷ್ಟು ಓಡೂ ಹಂಗಿದ್ರ ಗಿರಣಿಗಿ ಹೋಗಿ ಜ್ವಾಳ ಬೀಸ್ಕೊಂಡ ಬಾ" ಎಂದಳು. ನನಗೆ ಸಿಕ್ಕ ತರಬೇತಿ ಅದೊಂದೇ.

ಈ ಓಟ ನಮ್ಮ ಕಡೆ ಹುಟ್ಟಿದ್ದಲ್ಲ ಎಂಬುದು ಆಮೇಲೆ ಓದಿ ತಿಳಿಯಿತು. ಇಂಗ್ಲೆಂಡಿನ ದೊಡ್ಡ ಮನೆತನದ ಮಕ್ಕಳ ಶಾಲೆಗಳಲ್ಲಿ ಇದು ಶುರುವಾಯಿತಂತೆ. ಇಬ್ಬರು ಹುಡುಗರು ಮೊಲಗಳಾಗಿ ಕಾಗದದ ಚೂರು ಚೆಲ್ಲುತ್ತ ಮುಂದೆ ಓಡಬೇಕು, ಉಳಿದವರು ಬೇಟೆನಾಯಿಗಳಾಗಿ ಆ ಚೂರು ಹುಡುಕುತ್ತ ಹಿಂದೆ ಬರಬೇಕು. ರಗ್ಬಿ ಎಂಬ ಶಾಲೆಯ ಹುಡುಗರು 1830ರ ದಶಕದಲ್ಲೇ ಕ್ರಿಕ್ ಎಂಬ ಹಳ್ಳಿಯ ಕಡೆ ಹೀಗೆ ಓಡಲು ಆರಂಭಿಸಿದ್ದರು. ಅದೇ ದಶಕದಲ್ಲಿ, 1836ರಲ್ಲಿ, ನಮ್ಮ ನೆರೆಯ ಚಳಕಾಪುರದಲ್ಲಿ ಸಿದ್ಧಾರೂಢರು ಹುಟ್ಟಿದರು. ಅವರು ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು, ಗುರುವನ್ನು ಹುಡುಕಿ, ದೇಶವೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ ಹುಬ್ಬಳ್ಳಿಯಲ್ಲಿ ನೆಲೆ ನಿಂತರು. ಕಾಗದದ ಚೂರಿಲ್ಲ, ನಂಬರಿಲ್ಲ, ಸೀಟಿ ಊದುವವರೂ ಇಲ್ಲ. ನನ್ನ ಲೆಕ್ಕದಲ್ಲಿ ನಮ್ಮ ಹೋಬಳಿಯ ದಾಖಲೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ.

ನಮಗೆ ದಾರಿ ತೋರಿಸಲು ಸುಣ್ಣದ ಪುಡಿ ಉದುರಿಸಿದ್ದರು. ಆದರೆ ಶಾಲೆಗಳ ಕ್ರೀಡಾಕೂಟ ಬರುವುದೇ ಮಳೆಗಾಲದಲ್ಲಿ. ರಾತ್ರಿ ಬಿದ್ದ ಮಳೆ ಸುಣ್ಣವನ್ನು ತೊಳೆದುಕೊಂಡು ಹೋಗಿ ಎರೆ ಮಣ್ಣನ್ನು ಮಾತ್ರ ಬಿಟ್ಟಿತ್ತು.

ಎರೆ ಮಣ್ಣಿನ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಜ್ವಾಲಾಮುಖಿ ಉಗುಳಿದ ಕಪ್ಪು ಬಂಡೆ ಲಕ್ಷಾಂತರ ವರ್ಷ ಸವೆದು ಆದ ಮಣ್ಣು ಇದು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ನೀರು ಬಿದ್ದರೆ ಉಬ್ಬುತ್ತದೆ. ತೊಗರಿಗೆ, ಕಡಲೆಗೆ, ಬಿಳಿ ಜೋಳಕ್ಕೆ ಇದು ತಾಯಿ, ಓಡುವವನಿಗೆ ಮಾತ್ರ ಮಲತಾಯಿ. ಮೊದಲ ಹೆಜ್ಜೆಗೆ ಪಾದಕ್ಕೆ ಅಂಟುತ್ತದೆ. ಎರಡನೆಯ ಹೆಜ್ಜೆಗೆ ಆ ಅಂಟಿದ ಮಣ್ಣಿಗೆ ಇನ್ನಷ್ಟು ಮಣ್ಣು, ಜೊತೆಗೊಂದಿಷ್ಟು ಹುಲ್ಲು, ಒಂದು ಜಾಲಿ ಮುಳ್ಳು. ಹೊಲ ದಾಟುವ ಹೊತ್ತಿಗೆ ಓಡುವವನು ಒಂದು ಗೇಣು ಎತ್ತರವಾಗಿರುತ್ತಾನೆ. ಕ್ಯಾನ್ವಾಸ್ ಬೂಟು ಹಾಕಿದವರ ಗತಿ ಇನ್ನೂ ಕಷ್ಟ. ಬೂಟು ಹೊಲದಲ್ಲೇ ನಿಂತು ಕಾಲು ಮಾತ್ರ ಮುಂದೆ ಬರುತ್ತಿತ್ತು. ಮುಂದೆ ಹೋದವರಲ್ಲಿ ಹೆಚ್ಚಿನವರು ಬರಿಗಾಲಿನವರೇ ಆಗಿದ್ದರೆ ಅದಕ್ಕೆ ಬಡತನ ಒಂದೇ ಕಾರಣವಲ್ಲ. ಭೂಗೋಳದ ಪಾಠ ಅವರಿಗೆ ಪಾದದಿಂದ ಬಂದಿತ್ತು.

ಅರ್ಧ ದಾರಿಗೆ ಬಂದಾಗ ಬಿಟ್ಟುಬಿಡೋಣ ಅನ್ನಿಸಿತು. ಆಗ ಹೊಳೆದದ್ದು ಈ ಓಟದ ದೊಡ್ಡ ಮೋಸ. ನೂರು ಮೀಟರಿನಲ್ಲಿ ಬಿಟ್ಟವನು ಅಲ್ಲೇ ಬೇವಿನ ಮರದ ಕೆಳಗೆ ಕೂರಬಹುದು. ಇಲ್ಲಿ ಬಿಟ್ಟರೂ ಶಾಲೆಗೆ ನಡೆದೇ ಹೋಗಬೇಕು. ಹಿಂದೆ ಎಷ್ಟು ದೂರವೋ ಮುಂದೆಯೂ ಅಷ್ಟೇ ದೂರ, ಎರಡೂ ಕಡೆ ಅದೇ ಕೆಸರು. ಸೋಲೊಪ್ಪಿಕೊಂಡರೆ ಒಂದು ಹೆಜ್ಜೆಯೂ ಉಳಿಯುವುದಿಲ್ಲ! ಪಟ್ಟುಬಿಡದವರೆಂದು ಹೊಗಳಿಸಿಕೊಂಡ ಎಷ್ಟೋ ಜನರನ್ನು ಆಮೇಲೆ ಕಂಡಿದ್ದೇನೆ. ಅವರಲ್ಲಿ ಅರ್ಧ ಜನ ಈ ಲೆಕ್ಕ ಹಾಕಿದವರೇ ಎಂಬುದು ನನ್ನ ಗುಮಾನಿ.

ನಾನು ಸೊಂಟ ಹಿಡಿದು ನಿಂತದ್ದನ್ನು ಉದ್ದಿನ ಹೊಲದಿಂದ ಇನ್ನೊಬ್ಬ ಆಯಿ ನೋಡಿದಳು. ವರ್ಷಾ ಸೀಗಿ ಹುಣ್ಣಿಮೆಗೆ ತುಳಜಾಪುರಕ್ಕೆ ನಡೆದು ಹೋಗುವವಳು ಆಕೆ. ನಮ್ಮ ಕಡೆಯಿಂದ ಅಂಬಾಭವಾನಿ ಗುಡಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಮಹಾರಾಷ್ಟ್ರದ ಡಾಂಬರು ರಸ್ತೆಯ ಮೇಲೆ ಬರಿಗಾಲಲ್ಲಿ, ತಲೆಯ ಮೇಲೆ ರೊಟ್ಟಿ ಗಂಟು ಇಟ್ಟುಕೊಂಡು, ಹಾಡು ಹೇಳುತ್ತ ಹೋಗುವ ಜನ ಇವರು.

"ನಿಂದ್ರಬ್ಯಾಡೋ. ನಿಂತ್ರ ಕಾಲ ಬಿಗಿತಾವ. ಸಾವ್ಕಾಶ ನಡಿ, ಖರೆ ನಡಿಲತ್ತೇ ಇರು."

"ಸಾವ್ಕಾಶ ನಡದ್ರ ಸೋಲ್ತೀನಿ ಆಯಿ."

"ಈಗೇನು ಗೆಲ್ಲಲತ್ತಿಯೇನು?"

ಇಷ್ಟು ಸರಿಯಾದ ಸಲಹೆಯನ್ನು ನನಗೆ ಆಮೇಲೆ ಯಾವ ಸಾಹೇಬರೂ ಕೊಟ್ಟಿಲ್ಲ.

ನಾನು ಶಾಲೆ ಮುಟ್ಟಿದಾಗ ಕಬಡ್ಡಿ ಫೈನಲ್ ನಡೆದಿತ್ತು. ಪಿ.ಟಿ. ಸರ್ ಗ್ಲುಕೋಸ್ ಪುಡಿಯ ಡಬ್ಬಿ ಹಿಡಿದು ಗೇಟಿನಲ್ಲೇ ನಿಂತಿದ್ದರು. ಅಂಗೈ ತುಂಬ ಸುರಿದು, "ಬಂದೆಲ್ಲ, ಛಲೋ ಆಯ್ತು" ಎಂದರು. ನನ್ನ ಹಿಂದೆ ಇನ್ನೊಬ್ಬನಿದ್ದ. ಅವನಿಗೆ ದಾರಿಯಲ್ಲಿ ಸೋದರಮಾವನ ಹೊಲ ಸಿಕ್ಕಿತ್ತು. ಹಸಿ ಹೆಸರುಕಾಯಿ ತಿಂದು, ಮಾವನ ಗಾಡಿಯ ಹಿಂದೆ ಕೂತು, ನನಗಿಂತ ಮೊದಲೇ ಬಂದು ಕಬಡ್ಡಿ ನೋಡುತ್ತಿದ್ದ. ಈಗ ಅವನು ಒಳ್ಳೆಯ ಗುತ್ತಿಗೆದಾರ.

ಕೊನೆಯವರ ಸಾಲಿನಲ್ಲಿ ಬಂದವನಿಗೆ ಓದುವ ಹವ್ಯಾಸ ಬೆಳೆದರೆ ಅವನು ತನಗಿಂತ ಕೆಟ್ಟದಾಗಿ ಓಡಿದವರನ್ನೇ ಹುಡುಕುತ್ತಾನೆ. ನನಗೆ ಸಿಕ್ಕಿದ್ದು 1924ರ ಪ್ಯಾರಿಸ್ ಒಲಿಂಪಿಕ್ಸ್. ಆಗ ಗುಡ್ಡಗಾಡು ಓಟವೂ ಒಲಿಂಪಿಕ್ಸಿನಲ್ಲಿತ್ತು. ಜುಲೈ ತಿಂಗಳು, ನಮ್ಮ ಮೇ ತಿಂಗಳನ್ನು ನೆನಪಿಸುವ ಬಿಸಿಲು, ಹತ್ತು ಕಿಲೋಮೀಟರಿಗೂ ಮೀರಿದ ದಾರಿ. ಹೊರಟವರು 38 ಮಂದಿ, ಮುಟ್ಟಿದವರು 15. ಫಿನ್ಲೆಂಡಿನ ಪಾವೊ ನುರ್ಮಿ ಏನೂ ಆಗದವನಂತೆ ಮೊದಲು ಬಂದ. ಅವನ ದೇಶದವನೇ ಆದ ಲೀಮಾಟೈನೆನ್ ಎಂಬಾತ ಮೈದಾನದೊಳಕ್ಕೆ ಬಂದು, ಗೆರೆ ಕಣ್ಣಿಗೆ ಕಾಣುವಷ್ಟು ಹತ್ತಿರವಿದ್ದಾಗ ತಲೆ ತಿರುಗಿ ಬಂದ ದಾರಿಯನ್ನೇ ಹಿಡಿದ. ಜನ ಕೂಗಿದರು. ಒಂದಿಷ್ಟು ಹೊತ್ತಿನ ಮೇಲೆ ಎಚ್ಚರಾಗಿ, ತಿರುಗಿ, ತೂರಾಡುತ್ತ ನಡೆದೇ ಗೆರೆ ದಾಟಿ ಹನ್ನೆರಡನೆಯವನಾದ. ಅಷ್ಟಕ್ಕೇ ಫಿನ್ಲೆಂಡಿಗೆ ತಂಡದ ಚಿನ್ನ ಸಿಕ್ಕಿತು, ಉಳಿದ ತಂಡಗಳಲ್ಲಿ ಓಟ ಮುಗಿಸಿದವರೇ ಅಷ್ಟು ಕಡಿಮೆ. ಆ ಒಲಿಂಪಿಕ್ಸ್ ಆದ ಮೇಲೆ ಈ ಓಟವನ್ನು ಪಟ್ಟಿಯಿಂದಲೇ ತೆಗೆದರು. ಲೀಮಾಟೈನೆನ್‌ನ ಫೋಟೊ ಸಿಕ್ಕಿದರೆ ಮನೆಯಲ್ಲಿ ಹಚ್ಚಬೇಕೆಂದಿದ್ದೇನೆ.

ಈಗ ಊರಿಗೆ ಹೋದರೆ ನಸುಕಿನಲ್ಲಿ ಭಾಲ್ಕಿ ರಸ್ತೆಯ ಮೇಲೆ ಹುಡುಗರು ಓಡುತ್ತಿರುತ್ತಾರೆ. ಇವರನ್ನು ಯಾರೂ ಏನೂ ಕೇಳುವುದಿಲ್ಲ, ಪೊಲೀಸ್ ಭರ್ತಿಗೆ ತಯಾರಿ ಎಂದು ಎಮ್ಮೆಗಳಿಗೂ ಗೊತ್ತು. 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು. ಒಬ್ಬ ಮೊಬೈಲಿನಲ್ಲಿ ಟೈಮು ಹಚ್ಚಿಕೊಂಡು ಬೈಕಿನ ಮೇಲೆ ಜೊತೆಗೆ ಬರುತ್ತಾನೆ. ಹಳ್ಳದ ಸೇತುವೆಯ ಕಟ್ಟೆಗೆ ಕೂತು ದಣಿವಾರಿಸಿಕೊಳ್ಳುತ್ತಿದ್ದವರಲ್ಲಿ ಒಬ್ಬ ನನ್ನನ್ನು ಗುರುತು ಹಿಡಿದ.

"ಕಾಕಾ, ನೀವೂ ಹೈಸ್ಕೂಲಿನಾಗ ಓಡ್ತಿದ್ರಿ ಅಂತಲ್ಲ. ಎಷ್ಟನೇ ನಂಬರ್ ಬಂದಿದ್ರಿ?"

"ನಂಬರ್ ಬಿಡೋ. ಮುಗಿಸಿದ್ನೆಪಾ. ಪ್ಯಾರಿಸ್ಸಿನಾಗ ಏನಾಗಿತ್ತು ಗೊತ್ತದೇನು?" ಎಂದು ಇಡೀ ಕಥೆ ಹೇಳಿದೆ. ನುರ್ಮಿ, ಬಿಸಿಲು, ಲೀಮಾಟೈನೆನ್, ಒಂದನ್ನೂ ಬಿಡಲಿಲ್ಲ. ಹುಡುಗರು ಬೂಟಿನ ಲೇಸು ಬಿಗಿಯುತ್ತ ಗಂಭೀರವಾಗಿ ಕೇಳಿದರು.

"ಅಂದ್ರ ಕಾಕಾ," ಎಂದ ಅವನು ಎದ್ದು ನಿಂತು, "ಇಪ್ಪತ್ಮೂರು ಮಂದಿ ಫಿಜಿಕಲ್‌ನಾಗೇ ಹೋದ್ರು ಅನ್ರಿ."